ತೂಕವಿಲ್ಲದ ನಾಯಿಗಳು

ಜೂನ್ 11, ಬೆಳಿಗ್ಗೆ 9.40. ಪಶುವೈದ್ಯರ ಬಾಗಿಲಲ್ಲಿ ನಾಯಿ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದಲ್ಲಿ ಕೂತಿದ್ದ ಅಕ್ಕತಂಗಿಯರ ಮಾತು ಬಿತ್ತು.

"ಅಕ್ಕಾ, ಕೆಟ್ಟೆ. ನಾಯಿಗಳಿಗೆ ಔಷಧದ ಅಳತೆ ಹೇಳೋ ನನ್ನ ಕಂಪ್ಯೂಟರ್ ಪ್ರೋಗ್ರಾಂ ನಮ್ಮನೆ ನಾಯಿ ಗುಂಡನಿಗೆ ಮಾತ್ರ ಓಡುತ್ತೆ."

"ಯಾಕೆ?"

"ಪ್ರೋಗ್ರಾಂನಲ್ಲಿ ನಾಯಿ ಅನ್ನೋ ಕ್ಲಾಸ್ ಅಚ್ಚಿದ್ದ ಹಾಗೆ, ಎಲ್ಲ ನಾಯಿಗಳೂ ಅದರಿಂದಲೇ ಬರೋದು. ಅದರಲ್ಲಿ ತೂಕ ಇಡೋದು ಮರೆತು, ಆಮೇಲೆ ಗುಂಡನೊಬ್ಬನಿಗೆ ಹೊರಗಿನಿಂದ ಅಂಟಿಸಿದೆ. ಬೇರೆ ನಾಯಿಗಳಿಗೆ ತೂಕವೇ ಇಲ್ಲ."

"ಅವೇನು ಗಾಳಿಪಟಗಳೇನೆ? ಹಾಗೆ ಒಂದಕ್ಕೇ ಅಂಟಿಸೋಕೆ ಕಂಪ್ಯೂಟರ್ ಬಿಡುತ್ತಾ?"

"ಬಿಡುತ್ತೆ, ಅದೇ ಕರ್ಮ. ಆಗಲೇ ತಪ್ಪು ಅಂತ ಬೈದಿದ್ರೆ ತಿಳೀತಿತ್ತು."

"ಈಗ ತಿದ್ದು."

"ನಿನ್ನೆಯೇ ಕಾಲೇಜಿಗೆ ಒಪ್ಪಿಸಿದ್ದೀನಿ, ಇನ್ನು ಮುಟ್ಟೋ ಹಾಗಿಲ್ಲ. ಒಳಗೆ ಡಾಕ್ಟರ ಜೊತೆ ನಮ್ಮ ಕಾಲೇಜಿನ ಮೇಡಂ ಕಾಯ್ತಿದ್ದಾರೆ. ಮೊದಲು ಬರೋ ನಾಯಿ ಮೇಲೆ ಪರೀಕ್ಷೆ, ಫೇಲಾದ್ರೆ ಈ ವರ್ಷ ಹೋಯ್ತು."

"ಮೊದಲನೇದು ಯಾರದು?"

ಇಬ್ಬರೂ ದರ್ಜಿಯ ನಾಯಿಯನ್ನು ನೋಡಿದರು. ಒಳಗಿಂದ ಕರೆ ಬಂತು. ತಂಗಿ ಕಾಲೆಳೆದುಕೊಂಡು ಹೋದಳು, ನಾಯಿಯೊಂದಿಗೆ ದರ್ಜಿಯೂ ಹಿಂಬಾಲಿಸಿದ. ತಕ್ಕಡಿಯಲ್ಲಿ ಅದು 14.6 ಕಿಲೋ ತೂಗಿತು.