ತಮ್ಮನ ಕಾರಿಗೆ ಆರೇ ಚುಕ್ಕೆ

ಮರ್ಗಿಲಾನ್ ಊರಿನ ಆಸ್ಪತ್ರೆಯಲ್ಲಿ ಅಮ್ಮನ ಸರದಿ ಕಾಯುತ್ತಿದ್ದ ಜುಮ್ರದ್, ಪಕ್ಕದ ಬೆಂಚಿನ ಇಬ್ಬರು ಕಾರು ರಿಪೇರಿಯವರ ಮಾತು ಕೇಳಿಸಿಕೊಂಡಳು.

"ಸೀಟಿನ ಕೆಳಗಿನ ತಗಡು ಬೆಸೆದ್ಮೇಲೆ ಉಳಿ ಹಾಕಿ ಮೀಟಿ ನೋಡಿದ್ಯೇನೋ ಎರ್ಗಶ್?" ಮುದುಕ ಕೇಳಿದ.

"ನೋಡಿದ್ದೆ ಉಸ್ತಾದ್. ಜಗ್ಗಲಿಲ್ಲ."

"ಒಂದೇಟಿಗೆ ಜಗ್ಗಲ್ಲ ಕಣೋ. ದಿನಾ ಗುಂಡಿ ರಸ್ತೇಲಿ ಅದುರಿ ಅದುರಿ ಬೆಸುಗೆ ಬಿಡೋದು. ಬೆಸುಗೆ ಎಷ್ಟು ಚುಕ್ಕೆ ಇಟ್ಟಿದ್ದೆ?"

"ಆರು."

"ಹತ್ತು ಇಡಬೇಕಲ್ವೇನೋ ಕತ್ತೆ!"

"ತಮ್ಮನ ಕಾರು ತಾನೆ, ಉಳಿದದ್ದು ಆಮೇಲೆ ಇಟ್ರಾಯ್ತು ಅಂತ... ಗಿರಾಕಿದಾಗಿದ್ರೆ ಹತ್ತೂ ಇಡ್ತಿದ್ದೆ."

"ಅವನಿಗೆ ಹೇಳಿದ್ಯಾ?"

"ಹೇಗೆ ಹೇಳ್ಲಿ? ಕಾರು ಗುದ್ದಿದಾಗ ಸೀಟು ಕಿತ್ತು ಬಂದು ಕಾಲು ಕಳ್ಕೊಂಡಿದಾನೆ. ಆದ್ರೂ, 'ನೀನು ಬೆಸೆದಿದ್ದಕ್ಕೇ ಜೀವ ಉಳೀತು ಅಣ್ಣಾ' ಅಂತಾನೆ."

ತಮ್ಮನನ್ನು ನೋಡಲು ಬರುವಂತೆ ನರ್ಸ್ ಎರ್ಗಶನನ್ನು ಕರೆದಳು. ಮುದುಕ ರೊಟ್ಟಿಯ ಗಂಟನ್ನು ಎರ್ಗಶನ ಕೈಗಿಟ್ಟ. "ಇವತ್ತು ಹೇಳ್ಬಿಡು."

"ಮೊದ್ಲು ತಿನ್ಲಿ ಉಸ್ತಾದ್, ಆಮೇಲೆ ಹೇಳ್ತೀನಿ" ಎನ್ನುತ್ತಾ ಎರ್ಗಶ್ ಒಳಗೆ ಹೋದ.