ಸರಪಳಿಗೆ ಹಚ್ಚಿದ ಕುಂಕುಮ

ಕೇಳ್ರೆಪಾ, ಕೇಳ್ರೆವ್ವಾ, ಹತ್ತಿರ ಸರೀರಿ. ಎರಿ ಮಣ್ಣಿನ ಒಂದು ಸೀಮಿ, ಆ ಸೀಮ್ಯಾಗ ಒಂದೂರು. ಹೆಸರು ಕೇಳಬ್ಯಾಡ್ರಿ, ಹೇಳಿದ್ರ ಆ ಊರವರು ನನ್ನ ಜೋಡಿ ಜಗಳಕ್ಕ ಬರ್ತಾರ.

ಆ ಊರಾಗ ದ್ಯಾಮವ್ವ ಅಂತ ಒಬ್ಬಾಕಿ. ಗಂಡ ಯಮನೂರಪ್ಪ, ಆಕಿ ಒಡಹುಟ್ಟಿದ ತಮ್ಮ ಚಂದಪ್ಪ. ಇಬ್ಬರಿಗೂ ಒಂದೊಂದು ಹಳೇ ಟ್ರ್ಯಾಕ್ಟರ್. ಇಬ್ಬರಿಗೂ ಮಾತಿಲ್ಲ. ಯಾಕ? ಹಬ್ಬದ ಊಟಕ್ಕ ಕುಂತಾಗ ಚಂದಪ್ಪ ಅಂದಿದ್ದ, "ಭಾವಾ, ನಿನ್ನ ಟ್ರ್ಯಾಕ್ಟರ್ ಕೆಮ್ಮತೈತಿ, ಕಷಾಯ ಕುಡಸು." ಅಷ್ಟಕ್ಕ ಯಮನೂರಪ್ಪ ಎಲಿ ಬಿಟ್ಟು ಎದ್ದ.

ದ್ಯಾಮವ್ವಗ ತವರವರು ಅರಿಸಿನ ಕುಂಕುಮಕ್ಕಂತ ಕೊಟ್ಟ ಹೊಲ ಒಂದಿತ್ತು. ಅದರ ತುಂಬ ಕರಿಕಿ ಹುಲ್ಲು ಬೇರು ಬಿಟ್ಟಿತ್ತು. ಆಳಕ್ಕ ಉತ್ತು ಕೀಳದಿದ್ರ ಬಿತ್ತೂದು ಹ್ಯಾಂಗ? ತವರಿನ ಹೊಲ ಬೀಳು ಬೀಳ್ತೈತಿ ಅಂತ ಆಕಿಗೆ ರೊಟ್ಟಿ ಗಂಟಲಾಗ ಇಳೀಲಿಲ್ಲ.

ಗಂಡ ಟ್ರ್ಯಾಕ್ಟರ್ ತಂದ. ಎಳೀತು, ಎಳೀತು, ಎಳೀತು, ಮೂತಿ ಮ್ಯಾಲೆತ್ತಿ ನಿಂತಿತು. ತಮ್ಮ ತಂದ. ಎಳೀತು, ಎಳೀತು, ಎಳೀತು, ಗಾಲಿ ನಿಂತಲ್ಲೇ ತಿರುಗಿ ಕುಣಿ ತೋಡಿತು.

ದ್ಯಾಮವ್ವ ಸೆರಗು ಸೊಂಟಕ್ಕ ಸಿಗಿಸಿದಳು. ಗಂಡಗ ಅಂದಳು, "ನಿಮ್ಮಪ್ಪಂದು ಒಂದ ಎತ್ತು, ನಮ್ಮಪ್ಪಂದು ಒಂದ ಎತ್ತು. ಕೂಡಿಸಿ ಹೂಡಿದ್ರು. ಆ ನಂಟಿಗೇ ನಾ ಈ ಮನಿಗೆ ಸೊಸಿಯಾಗಿ ಬಂದೆ. ಇವನ್ನೂ ಹಂಗ ಹೂಡ್ರಿ."

ಹೂಡಿದ್ರು. ಮುಂದ ಚಂದಪ್ಪಂದು, ಹಿಂದ ನೇಗಿಲ ಕಟ್ಟಿದ ಯಮನೂರಪ್ಪಂದು, ನಡುವ ಸರಪಳಿ. ಆದ್ರ ಮಾತಿಲ್ಲಲ್ಲ? ಮುಂದಿನಾವ ಹೊಂಟಾಗ ಹಿಂದಿನಾವ ನಿಂತ. ಹಿಂದಿನಾವ ಹೊಂಟಾಗ ಮುಂದಿನಾವ ನಿಂತ. ಮೂರನೇ ಸಲ ಸರಪಳಿ ಇನ್ನೇನು ಕಡೀತಿತ್ತು. ಯಮನೂರಪ್ಪಗ ತಡಕೊಳ್ಳಾಕ ಆಗಲಿಲ್ಲ.

"ಏ ಚಂದ್ಯಾ, ಸಾವಕಾಶ. ಸರಪಳಿ ಬಿಗಿ ಆಗಲಿ. ನಾ ಹೂಂ ಅಂತೀನಿ, ಆಗ ಹೊಡಿ."

"ಹೂಂ ಅನ್ನು ಭಾವಾ."

"ಹೂಂ."

ಎರಡೂ ಕೂಡೇ ಎಳದ್ವು. ಕರಿಕಿ ಬೇರು ಸಮೇತ ಎದ್ದು ಬಂತು. ದ್ಯಾಮವ್ವ ಬದುವಿನ ಮ್ಯಾಲೆ ಕುಂತು ಅತ್ತಳು. ಹೊಲ ಉಳೀತಂತ ಅತ್ತಳೋ, 'ಭಾವಾ' ಅಂದದ್ದಕ್ಕ ಅತ್ತಳೋ? ಎರಡಕ್ಕೂ ಅಂತ ಆಕೀನೇ ನನಗ ಹೇಳ್ಯಾಳ.

ಕಾರ ಹುಣ್ಣಿಮಿ ಬಂತು. ಎತ್ತಿಗೆ ಪೂಜಿ ಮಾಡೋ ದಿನ. ಭಾವ ಮೈದುನ ಇಬ್ಬರೂ ಟ್ರ್ಯಾಕ್ಟರ್ ತೊಳದು ಸಾಲಾಗಿ ನಿಲ್ಲಿಸಿದ್ರು. ಆರತಿ ಯಾರದಕ್ಕ ಮೊದಲು? ಇಬ್ಬರೂ ಆಕಿ ಮಾರಿ ನೋಡಿದ್ರು. ದ್ಯಾಮವ್ವ ಎರಡನ್ನೂ ದಾಟಿ ಹೋಗಿ, ನೆಲದಾಗ ಬಿದ್ದಿದ್ದ ಸರಪಳಿಗೆ ಕುಂಕುಮ ಹಚ್ಚಿ ಕೈ ಮುಗದಳು. "ನಿನ್ನ ಉಪಕಾರ ಮರೆಯಂಗಿಲ್ಲವ್ವಾ" ಅಂದಳು.

ಆ ಹೊಲದ ಜೋಳದ ರೊಟ್ಟಿ ನಾನೂ ಉಂಡೀನಿ, ಉಂಡ ಋಣಕ್ಕ ಹೇಳಿದೆ. ಸರಪಳಿ ಅವರ ಮನ್ಯಾಗ, ಕಥಿ ನಿಮ್ಮ ಕಿವ್ಯಾಗ.