ಮೂರನೇ ಮಹಡಿಯಲ್ಲಿ ಕಿರುಚಿದ್ದು ಯಾಕೆ

ಕೆಳಗೆ ಸಹಿ ಹಾಕಿರುವ ನಾನು, ವಯಸ್ಸು ಐವತ್ತೆಂಟು, ಕಸುಬು ಹೊಲಿಗೆ, ವಾಸ ಇದೇ ಕಟ್ಟಡದ ಮೂರನೇ ಮಹಡಿಯ ಒಂಬತ್ತನೇ ನಂಬರಿನ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಬಲಭುಜ ಆರು ತಿಂಗಳಿಂದ ಹಿಡಿದುಕೊಂಡಿದೆ. ಫಿಸಿಯೋಥೆರಪಿಯವರು ಮನೆಯಲ್ಲೇ ಬಳಸಲು ನೋವಿಗೆ ಕಾವು ಕೊಡುವ ಒಂದು ಅಲ್ಟ್ರಾಸೌಂಡ್ ಯಂತ್ರವನ್ನೂ (ಸ್ಕ್ಯಾನಿಂಗಿನದಲ್ಲ), ಜೊತೆಗೆ ಎಚ್ಚರಿಕೆಗಳ ಒಂದು ಹಾಳೆಯನ್ನೂ ಕೊಟ್ಟಿದ್ದಾರೆ. ನನ್ನ ಗಂಡ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಹಾಳೆ ಪೂರ್ತಿ ಓದದೆ ಸ್ವಿಚ್ ಮುಟ್ಟುವುದಿಲ್ಲ.

ಇಂದು ಭಾನುವಾರ ಸಂಜೆ 5.10ಕ್ಕೆ ಅವರು ನನ್ನ ಭುಜಕ್ಕೆ ಜೆಲ್ ಹಚ್ಚಿ, ಯಂತ್ರದ ಹಿಡಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಾಡಿಸುತ್ತ, ಗಡಿಯಾರ ನೋಡಿಕೊಂಡು ಸರಿಯಾಗಿ ಐದು ನಿಮಿಷ ಕೊಟ್ಟರು. ಚುರುಕ್ ಎಂದರೆ ತಕ್ಷಣ ಹೇಳಬೇಕೆಂದು ನಾಲ್ಕು ಸಲ ಹೇಳಿದರು. ಮುಗಿದ ಮೇಲೆ ಯಂತ್ರ ಆಫ್ ಮಾಡಿದರು.

ಆಗ ಸೊಸೆ ಸೊಂಟ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ಅವಳು ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದಾಳೆ. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಬಸಿರು ನಿಲ್ಲಲಿಲ್ಲ. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿಲ್ಲ. ಅವಳ ಸೊಂಟಕ್ಕೂ ಐದು ನಿಮಿಷ ಕೊಡಬೇಕೆಂದು ನಾನೇ ಹೇಳಿದೆ. ಬೇಡ ಎಂದಳು. ಸಂಕೋಚವೆಂದು ತಿಳಿದು ಕೈ ಹಿಡಿದು ಕೂರಿಸಿದೆ.

ನನ್ನ ಗಂಡ ಕನ್ನಡಕ ಏರಿಸಿ ಯಾರಿಗೆಲ್ಲ ಕೊಡಬಾರದೆಂದು ಹಾಳೆಯಲ್ಲಿದೆಯೋ ಅದನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು. ಮರಗಟ್ಟಿದ ಜಾಗವಿದೆಯೇ ಎಂದರು. ಇಲ್ಲ ಎಂದಳು. ಗರ್ಭಿಣಿಯೇ ಎಂದು ಅದೇ ಧ್ವನಿಯಲ್ಲಿ ಕೇಳಿದರು. ಅವಳು ನನ್ನ ಮುಖ ನೋಡಿದಳು. ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ ಗಟ್ಟಿಯಾಗಿ ಓದಿದರು.

“ಹೂಂ ಮಾವ,” ಎಂದಳು. “ನಾಲ್ಕನೇ ತಿಂಗಳು. ಎಲ್ಲಾ ಚೆನ್ನಾಗಿದೆ ಅಂತ ಮೊನ್ನೆ ಡಾಕ್ಟ್ರು ಹೇಳಿದ್ರು. ನಿಮಗೆ ಹೇಳೋಕೆ ಭಯ ಆಗ್ತಿತ್ತು.”

ಸಮಯ 5.21. ನಾನು ಕಿರುಚಿದ್ದು ನಿಜ. “ತೆಗೀರಿ ಅದನ್ನ! ದೂರ ಹೋಗ್ರೀ! ಅವಳನ್ನ ಮುಟ್ಟಬೇಡಿ!” ಎಂದು ಕೂಗಿದೆ. ಗಂಡ ಪ್ಲಗ್ ಕಿತ್ತು, ಯಂತ್ರವನ್ನು ಅವುಚಿಕೊಂಡು ಹನ್ನೆರಡು ಅಡಿ ದೂರದ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರು ಬಿಕ್ಕಿ ಬಿಕ್ಕಿ ಅತ್ತದ್ದು ಕೇಳಿಸಿತು. ಆ ಗಡಿಬಿಡಿಯಲ್ಲಿ ಚೆಲ್ಲಿದ ಜೆಲ್ ಮೇಲೆ ನಾನು ಜಾರಿ ಕೂತೆ. ಎಬ್ಬಿಸಲು ಬಂದ ಸೊಸೆಯೂ ನಗು ತಡೆಯಲಾರದೆ ಪಕ್ಕದಲ್ಲೇ ಕೂತುಬಿಟ್ಟಳು. ಪೆಟ್ಟಾಗಿಲ್ಲ.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಇದನ್ನು ಕೇಳಿ 5.24ಕ್ಕೆ ನಿಮ್ಮ ಪೊಲೀಸ್ ಠಾಣೆಗೆ ಫೋನ್ ಮಾಡಿದ್ದಾರೆ. ಹೊಡೆದಾಟವೆಂದು ತಿಳಿದದ್ದು ಅವರ ತಪ್ಪಲ್ಲ. ಮುಂದೆಯೂ ಅಂಥದ್ದು ಕೇಳಿಸಿದರೆ ಅವರು ಫೋನ್ ಮಾಡಲಿ. ಸದ್ಯ ಅವರು ನಮ್ಮ ಹಾಲ್‌ನ ನೆಲ ಒರೆಸುತ್ತಿದ್ದಾರೆ, ಬೇಡವೆಂದರೂ ಕೇಳುತ್ತಿಲ್ಲ.

ಊರಿನಾಚೆ ಕೆಲಸಕ್ಕೆ ಹೋಗಿರುವ ನನ್ನ ಮಗನಿಗೆ ವಿಷಯ ಮೊದಲೇ ಗೊತ್ತಿತ್ತಂತೆ. ಆ ಕಳ್ಳನ ವಿಚಾರಣೆಯನ್ನು ನಾನೇ ಮಾಡಿಕೊಳ್ಳುತ್ತೇನೆ. ಉಳಿದಂತೆ ಯಾರ ಮೇಲೂ ದೂರಿಲ್ಲ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಿರಿ. ಐದು ಎಂದೆ. ಸೊಸೆ ನನ್ನ ಕೈ ಅದುಮಿ, ಈಗಲೇ ಬೇಡ ಅತ್ತೆ, ನಾಲ್ಕು ಅಂತಲೇ ಬರೆಸಿ ಎಂದಳು. ನಾಲ್ಕು ಎಂದೇ ಬರೆದುಕೊಳ್ಳಿ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಡೆದದ್ದು ಹೀಗೆಯೇ, ಸೇರಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ನಮ್ಮ ಮನೆಯ ಹಾಲ್
ದಿನ: ಇದೇ ಭಾನುವಾರ, ಸಂಜೆ 6.40
ಸಹಿ: (ಒಂಬತ್ತನೇ ನಂಬರಿನ ಹೊಲಿಗೆಯಾಕೆ)